ಒಂದು ನೋಟ್‌ಬುಕ್, ಒಂದು ಬಸ್ಸು: ಗಾಬರಿಯ ರೋಗಕ್ಕೆ ಸಿಬಿಟಿ ಕೆಲಸ ಮಾಡುವ ಬಗೆ

ವಿಜಯನಗರದಿಂದ ಮೆಜೆಸ್ಟಿಕ್‌ಗೆ ಹೊರಟ ಬಸ್ಸು. ಬೆಳಗ್ಗೆ ಒಂಬತ್ತೂವರೆ. ಮಾಗಡಿ ರಸ್ತೆಯ ಟೋಲ್‌ಗೇಟ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತ್ತು. ನಾನು ಕಂಬಿ ಹಿಡಿದು ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ಎದೆ ಢವಢವ ಹೊಡೆದುಕೊಳ್ಳತೊಡಗಿತು. ಬೆರಳ ತುದಿ ಜುಮ್ಮೆಂದಿತು. ಗಂಟಲು ಕಟ್ಟಿತು. ಪಕ್ಕದವರ ಮಾತು ಎಲ್ಲೋ ದೂರದಿಂದ ಬಂದಂತೆ ಕೇಳಿಸಿತು. 'ಹೋಯ್ತು, ಹಾರ್ಟ್ ಅಟ್ಯಾಕು' ಅಂದುಕೊಂಡೆ. ಜನರನ್ನು ತಳ್ಳಿಕೊಂಡು ಕೆಳಗಿಳಿದು ಫುಟ್‌ಪಾತ್ ಮೇಲೆ ಕುಕ್ಕರಿಸಿದೆ. ಎಳನೀರು ಮಾರುವವರೊಬ್ಬರು ಕೇಳದೆಯೇ ಒಂದು ಕಾಯಿ ಕೊಚ್ಚಿ ಕೈಗಿಟ್ಟರು. ಕಾಲು ಗಂಟೆಯಲ್ಲಿ ಎಲ್ಲ ಇಳಿದುಹೋಯಿತು.

ಇಸಿಜಿ ಸರಿಯಾಗಿತ್ತು. ರಕ್ತ ಪರೀಕ್ಷೆಯೂ ಸರಿಯಾಗಿತ್ತು. 'ಗ್ಯಾಸ್ಟ್ರಿಕ್ ಇರಬೇಕು, ಟೆನ್ಷನ್ ಮಾಡ್ಕೋಬೇಡಿ' ಎಂದು ಹೇಳಿ ಕಳಿಸಿದರು. ಆಮೇಲೆ ಎಂಟು ತಿಂಗಳು ನಾನು ಬಸ್ಸು ಹತ್ತಲಿಲ್ಲ. ಮೊದಲು ಬಸ್ಸು ಬಿಟ್ಟೆ, ಆಮೇಲೆ ಸಿನಿಮಾ, ಆಮೇಲೆ ಮದುವೆ ಮನೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ನನ್ನ ಪಾಡು ಅದೇ ಆಗಿತ್ತು.

ಅದು ಹಾರ್ಟ್ ಅಟ್ಯಾಕ್ ಅಲ್ಲ, ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದ ಹಾಗೆ ಬರುವ ಗಾಬರಿಯ ಹೊಡೆತ. ನನ್ನನ್ನು ಮತ್ತೆ ಆ ಬಸ್ಸಿಗೆ ಹತ್ತಿಸಿದ್ದು ಸಿಬಿಟಿ ಎಂಬ ಮಾನಸಿಕ ಚಿಕಿತ್ಸೆ. ಹದಿನಾಲ್ಕು ವಾರ, ವಾರಕ್ಕೊಂದು ಸಲ, ಸುಮಾರು 50 ನಿಮಿಷ. ಅಲ್ಲಿ ಕಲಿತದ್ದನ್ನು ಕಲಿತ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದು ಚಿಕಿತ್ಸೆಯ ಜಾಗ ತುಂಬುವುದಿಲ್ಲ. ಆದರೆ ಚಿಕಿತ್ಸೆಗೆ ಹೋಗುವ ಮೊದಲು ಇಷ್ಟು ಗೊತ್ತಿದ್ದಿದ್ದರೆ ನನ್ನ ಎಂಟು ತಿಂಗಳು ಉಳಿಯುತ್ತಿತ್ತು.

ಇದು 'ಒಳ್ಳೆಯದನ್ನೇ ಯೋಚಿಸು' ಅಲ್ಲ

ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಕನ್ನಡದಲ್ಲಿ ಅರಿವಿನ ವರ್ತನಾ ಚಿಕಿತ್ಸೆ ಎಂದು ಬರೆಯುತ್ತಾರೆ, ಬಾಯಲ್ಲಿ ಎಲ್ಲರೂ ಸಿಬಿಟಿ ಎನ್ನುತ್ತಾರೆ. ಇದರ ಬೇರು 1950–60ರ ದಶಕದಲ್ಲಿದೆ. ನ್ಯೂಯಾರ್ಕ್‌ನಲ್ಲಿ ಆಲ್ಬರ್ಟ್ ಎಲ್ಲಿಸ್, ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಬೇರೆ ಬೇರೆಯಾಗಿ ಇದೇ ದಾರಿಗೆ ಬಂದರು. ಬೆಕ್ ಮೊದಲು ಹಳೆಯ ಪದ್ಧತಿಯ ಮನೋವಿಶ್ಲೇಷಕ. ರೋಗಿ ಮಲಗಿಕೊಂಡು ಮಾತಾಡುವುದು, ವೈದ್ಯರು ಹಿಂದೆ ಕುಳಿತು ಕೇಳುವುದು. ಹೀಗೆ ಕೇಳುವಾಗ ಒಬ್ಬ ರೋಗಿಯಿಂದ ಅವರಿಗೆ ಒಂದು ವಿಷಯ ಗೊತ್ತಾಯಿತು. ಆಕೆ ಬಾಯಲ್ಲಿ ತನ್ನ ಬದುಕಿನ ಕಥೆ ಹೇಳುತ್ತಿದ್ದಳು. ಆದರೆ ಒಳಗೆ 'ಇವರಿಗೆ ನನ್ನ ಮಾತು ಬೋರಾಗುತ್ತಿದೆ' ಎಂಬ ಇನ್ನೊಂದು ಯೋಚನೆ ಓಡುತ್ತಿತ್ತು. ಆಕೆಯ ಆತಂಕಕ್ಕೆ ಕಾರಣ ಆ ಕಥೆ ಆಗಿರಲಿಲ್ಲ, ಈ ಒಳಗಿನ ಮಾತು. ಕರೆಯದೆ ಬರುವ ಇಂಥ ಯೋಚನೆಗಳನ್ನು ಬೆಕ್ ತಾನಾಗಿ ಬರುವ ಯೋಚನೆಗಳು ಎಂದು ಕರೆದರು. ಅವನ್ನು ಹಿಡಿದು, ರೋಗಿಯ ಜೊತೆ ಸೇರಿ ನಿಜವೋ ಸುಳ್ಳೋ ಎಂದು ನೋಡುವುದೇ ಚಿಕಿತ್ಸೆಯ ತಿರುಳಾಯಿತು.

ನೋಡುವುದು ಎಂಬ ಮಾತು ಮುಖ್ಯ. ನಮ್ಮ ಮನೆಯಲ್ಲಿ ಎಲ್ಲರೂ 'ಧೈರ್ಯವಾಗಿರು, ಏನೂ ಆಗಲ್ಲ' ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ 'ಏನೂ ಆಗಲ್ಲ' ಎನ್ನುವುದೂ ಪರೀಕ್ಷೆ ಮಾಡದ ಇನ್ನೊಂದು ನಂಬಿಕೆ, ಅಲ್ವಾ? ಸಿಬಿಟಿ ಯಾವುದನ್ನೂ ನಂಬು ಎನ್ನುವುದಿಲ್ಲ. ಬರೆದು ನೋಡು, ಮಾಡಿ ನೋಡು ಎನ್ನುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡು ಮಾತಿನ ವಿಸ್ತರಣೆ.

ಮೊದಲು ಮೈಯ ತಪಾಸಣೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಕ್ತ ಕಡಿಮೆ ಇದ್ದರೂ ತಲೆ ತಿರುಗುತ್ತದೆ. ಹೃದಯದ ಬಡಿತದ ತೊಂದರೆ ಇರಬಹುದು. ದಿನಕ್ಕೆ ಆರು ಲೋಟ ಸ್ಟ್ರಾಂಗ್ ಕಾಫಿಯೂ ಸಾಕು. ಒಮ್ಮೆ ಸರಿಯಾಗಿ ತೋರಿಸಿ. ಎದೆನೋವು ಮೊದಲ ಸಲ ಬಂದಿದ್ದರೆ, ಅದರಲ್ಲೂ ವಯಸ್ಸಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, 'ಗಾಬರಿ ಇರಬೇಕು' ಎಂದು ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಆದರೆ ಒಮ್ಮೆ ಸರಿಯಾಗಿ ತೋರಿಸಿದ ಮೇಲೆ ನಿಲ್ಲಿಸಿ. ನಾನು ಎಂಟು ತಿಂಗಳಲ್ಲಿ ಐದು ಇಸಿಜಿ ತೆಗೆಸಿದೆ. ಪ್ರತಿ ಸಲ ಎರಡು ದಿನ ನೆಮ್ಮದಿ, ಮೂರನೇ ದಿನ 'ಅವರು ಸರಿಯಾಗಿ ನೋಡಿದರೋ ಇಲ್ಲವೋ' ಎಂಬ ಅನುಮಾನ. ಮತ್ತೆ ಮತ್ತೆ ಖಾತ್ರಿ ಕೇಳುವುದು ಕೂಡ ರೋಗದ ಒಂದು ಭಾಗ ಎಂದು ಆಮೇಲೆ ತಿಳಿಯಿತು.

ಒಂದು ಘಟನೆ, ಐದು ಕಾಲಂ

ಒಂದು ನೋಟ್‌ಬುಕ್ ತಗೊಳ್ಳಿ. ಫೋನಿನಲ್ಲೂ ಬರೆಯಬಹುದು, ಆದರೆ ಕೈಯಲ್ಲಿ ಬರೆದರೆ ಯೋಚನೆಯ ಓಟ ಸ್ವಲ್ಪ ನಿಧಾನವಾಗುತ್ತದೆ. ಪುಟವನ್ನು ಅಡ್ಡ ಹಿಡಿದು ಐದು ಭಾಗ ಮಾಡಿ: ಎಲ್ಲಿ ಏನಾಯಿತು; ತಲೆಯಲ್ಲಿ ಏನು ಓಡಿತು; ಯಾವ ಭಾವನೆ, ನೂರಕ್ಕೆ ಎಷ್ಟು; ಮೈಯಲ್ಲಿ ಏನಾಯಿತು; ನಾನು ಏನು ಮಾಡಿದೆ.

'ನನ್ನ ಜೀವನವೇ ಹೀಗೆ' ಎಂದು ಬರೆಯಬೇಡಿ. ಒಂದು ದಿನ, ಒಂದು ಜಾಗ, ಐದು ನಿಮಿಷದ ಒಂದು ತುಣುಕು ಸಾಕು. ನನ್ನ ಮೊದಲ ಪುಟ ಹೀಗಿತ್ತು:

ಎಲ್ಲಿ: ತರಕಾರಿ ಅಂಗಡಿ, ಬಿಲ್ ಕೊಡುವ ಸಾಲು, ಮುಂದೆ ನಾಲ್ಕು ಜನ.
ಮೈ: ಎದೆ ಜೋರು, ಬೆರಳು ಜುಮ್ಮು, ಕಾಲು ಸೋತಂತೆ.
ಯೋಚನೆ: 'ಈಗ ತಲೆ ಸುತ್ತಿ ಬೀಳ್ತೀನಿ. ಎಲ್ಲರೂ ನೋಡ್ತಾರೆ.'
ಭಾವನೆ: ದಿಗಿಲು 85, ನಾಚಿಕೆ 60.
ಮಾಡಿದ್ದು: ಬುಟ್ಟಿ ಅಲ್ಲೇ ಇಟ್ಟು ಹೊರಗೆ ಬಂದೆ.

ಭಾವನೆಯ ಕಾಲಂನಲ್ಲಿ ಮೊದಲು ನಾನು ಎಲ್ಲ ಕಡೆ 'ಟೆನ್ಷನ್' ಎಂದೇ ಬರೆಯುತ್ತಿದ್ದೆ. ನನ್ನ ಥೆರಪಿಸ್ಟ್ ಅದನ್ನು ಒಪ್ಪಲಿಲ್ಲ. 'ಟೆನ್ಷನ್ ಅನ್ನೋದು ಚೀಲ, ಒಳಗೆ ಏನಿದೆ ತೆಗೀರಿ' ಎಂದರು. ತೆಗೆಯುತ್ತ ಹೋದರೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಮಾತುಗಳಿವೆ! ಪರೀಕ್ಷೆ ರಿಸಲ್ಟ್ ಕಾಯುವಾಗ ತಳಮಳ. ಅತ್ತೆ ಮನೆಯಲ್ಲಿ ಎಲ್ಲರ ಎದುರು ಊಟಕ್ಕೆ ಕೂತಾಗ ಕಸಿವಿಸಿ. ಕತ್ತಲಲ್ಲಿ ಏನೋ ಸರಿದಾಗ ದಿಗಿಲು. ಮಗು ಮನೆಗೆ ಬರುವುದು ತಡವಾದಾಗ ಆತಂಕ. ಇವೆಲ್ಲ ಒಂದೇ ಅಲ್ಲ, ಇವುಗಳ ಹಿಂದಿನ ಯೋಚನೆಯೂ ಒಂದೇ ಅಲ್ಲ. ಹೆಸರು ಸರಿಯಾಗಿ ಸಿಕ್ಕರೆ ಯೋಚನೆ ಹಿಡಿಯುವುದು ಅರ್ಧ ಸುಲಭ.

ಇನ್ನೊಂದು ತೊಡಕು ನಮ್ಮ 'ಅನ್ನಿಸುತ್ತೆ' ಎಂಬ ಮಾತಿನದು. 'ನಾನು ಸಾಯ್ತೀನಿ ಅನ್ನಿಸಿತು' ಎನ್ನುತ್ತೇವೆ. ಕೇಳಲು ಭಾವನೆಯ ಹಾಗಿದೆ. ಆದರೆ ಅದು ಯೋಚನೆ. ಒಂದೇ ಪದದಲ್ಲಿ ಹೇಳಲು ಬಂದರೆ ಭಾವನೆ, ಒಂದು ವಾಕ್ಯ ಬೇಕಾದರೆ ಯೋಚನೆ. ಈ ಲೆಕ್ಕ ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಭಾವನೆಯ ಜೊತೆ ವಾದ ಮಾಡಲಾಗದು, ದಿಗಿಲಾಗಿದ್ದರೆ ಆಗಿದೆ ಅಷ್ಟೇ. ಯೋಚನೆಯನ್ನಾದರೆ ನಿಜವೇ ಎಂದು ಕೇಳಬಹುದು.

ಎರಡು ವಾರ ಸುಮ್ನೆ ಬರೆಯಿರಿ. ಏನನ್ನೂ ಬದಲಾಯಿಸಲು ಹೋಗಬೇಡಿ.

ಚಕ್ರವನ್ನು ಗುರುತಿಸುವುದು

ಎರಡು ವಾರದ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸುತ್ತು ಕಾಣುತ್ತದೆ. ಆಕ್ಸ್‌ಫರ್ಡ್‌ನಲ್ಲಿದ್ದ ಡೇವಿಡ್ ಕ್ಲಾರ್ಕ್ 1986ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು: ಪ್ಯಾನಿಕ್ ಅಟ್ಯಾಕ್ ಎಂದರೆ ಮೈಯ ಮಾಮೂಲಿ ಸೂಚನೆಯನ್ನು ದೊಡ್ಡ ಅಪಾಯ ಎಂದು ತಪ್ಪಾಗಿ ಓದಿಕೊಳ್ಳುವುದು.

ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಸೆಖೆ ಇರಬಹುದು, ಮೆಟ್ಟಿಲು ಹತ್ತಿರಬಹುದು. 'ಏನೋ ಆಗ್ತಿದೆ' ಎಂಬ ಯೋಚನೆ ಬರುತ್ತದೆ. ಹೆದರಿಕೆಯಾಗುತ್ತದೆ. ಹೆದರಿದ ಮೈ ಅಡ್ರಿನಲಿನ್ ಎಂಬ ಹಾರ್ಮೋನ್ ಬಿಡುತ್ತದೆ. ಎದೆ ಇನ್ನೂ ಜೋರಾಗುತ್ತದೆ, ಉಸಿರು ಬಿರುಸಾಗುತ್ತದೆ. ಬಿರುಸಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು, ಎಲ್ಲ ದೂರ ದೂರ ಕಾಣುವುದು ಹೆಚ್ಚಾಗಿ ಅದರಿಂದ. ಅದನ್ನು ನೋಡಿ 'ಅಯ್ಯೋ, ನಿಜವಾಗಿಯೂ ಏನೋ ಆಗ್ತಿದೆ' ಎಂಬ ಯೋಚನೆ ಇನ್ನೂ ಗಟ್ಟಿಯಾಗುತ್ತದೆ. ಸುತ್ತು ಪೂರ್ತಿಯಾಯಿತು.

ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟಿ ಆಮೇಲೆ ತಾನಾಗಿ ಇಳಿಯುತ್ತದೆ. ಆ ಎಳನೀರಿನಿಂದಲೇ ಉಳಿದೆ ಎಂದು ನಾನು ಎಷ್ಟೋ ದಿನ ನಂಬಿದ್ದೆ. ಎಳನೀರು ಕೊಟ್ಟವರ ಋಣ ನನ್ನ ಮೇಲಿದೆ. ಆದರೆ ಕುಡಿಯದಿದ್ದರೂ ಅದು ಇಳಿಯುತ್ತಿತ್ತು.

ಯೋಚನೆಯನ್ನು ಪ್ರಶ್ನೆ ಮಾಡುವುದು

ಈಗ ಒಂದೇ ಒಂದು ಯೋಚನೆ ಆರಿಸಿ, ಮೈಯನ್ನು ಜಾಸ್ತಿ ನಡುಗಿಸುವಂಥದ್ದನ್ನು. ನನ್ನದು 'ತಲೆ ಸುತ್ತಿ ಬೀಳ್ತೀನಿ'. ಆ ಕ್ಷಣದಲ್ಲಿ ಎಷ್ಟು ನಂಬಿದ್ದೆ? ನೂರಕ್ಕೆ 90.

ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ, ಇದು ನಿಜ ಎನ್ನಲು ಏನಿದೆ. ಬಲಕ್ಕೆ, ಇದು ಪೂರ್ತಿ ನಿಜವಲ್ಲ ಎನ್ನಲು ಏನಿದೆ. ಎಡಗಡೆಯನ್ನು ಪ್ರಾಮಾಣಿಕವಾಗಿ ತುಂಬಿಸಿ. ಅಲ್ಲಿ ಮೋಸ ಮಾಡಿದರೆ ಬಲಗಡೆ ಬರೆದದ್ದನ್ನು ನಿಮ್ಮ ಮನಸ್ಸು ಒಪ್ಪುವುದಿಲ್ಲ.

ನನ್ನ ಎಡಗಡೆ: ತಲೆ ಹಗುರಾಗಿತ್ತು. ಕಾಲು ನಡುಗುತ್ತಿತ್ತು. ಕಣ್ಣು ಮಂಜಾಗಿತ್ತು.

ಬಲಗಡೆಗೆ ಬಹಳ ಹೊತ್ತು ಏನೂ ಹೊಳೆಯಲಿಲ್ಲ. ಥೆರಪಿಸ್ಟ್ ಉತ್ತರ ಹೇಳಿಕೊಡಲಿಲ್ಲ, ಪ್ರಶ್ನೆ ಕೇಳಿದರು. 'ಇಲ್ಲಿಯವರೆಗೆ ಎಷ್ಟು ಸಲ ಹೀಗಾಗಿದೆ?' ನೋಟ್‌ಬುಕ್ ಎಣಿಸಿದೆ. ಬರೆದದ್ದೇ 23. 'ಎಷ್ಟು ಸಲ ಬಿದ್ದಿದ್ದೀರಿ?' ಒಂದೂ ಇಲ್ಲ. 'ತಲೆ ಸುತ್ತಿ ಬೀಳಬೇಕಾದರೆ ಬಿಪಿ ಏನಾಗಬೇಕು?' ಇಳಿಯಬೇಕು. 'ಎದೆ ಇಷ್ಟು ಜೋರಾಗಿ ಹೊಡೆಯುವಾಗ ಬಿಪಿ ಸಾಮಾನ್ಯವಾಗಿ ಏನಾಗುತ್ತದೆ?' ಏರುತ್ತದೆ. ನಾನು ಸುಮ್ಮನೆ ಕುಳಿತೆ. (ರಕ್ತ ಅಥವಾ ಇಂಜೆಕ್ಷನ್ ನೋಡಿ ಹೆದರುವವರ ವಿಷಯ ಬೇರೆ. ಅವರಿಗೆ ಬಿಪಿ ನಿಜವಾಗಿ ಇಳಿದು ಬೀಳುವ ಸಂಭವವಿದೆ, ಅದಕ್ಕೆ ಬೇರೆ ಅಭ್ಯಾಸವಿದೆ.)

ಕೊನೆಗೆ ಎರಡೂ ಕಡೆ ನೋಡಿ ಒಂದು ಹೊಸ ವಾಕ್ಯ ಬರೆಯಬೇಕು. ನಾನು ಬರೆದದ್ದು: 'ತಲೆ ಹಗುರಾಗುತ್ತದೆ, ತುಂಬ ಹಿಂಸೆಯಾಗುತ್ತದೆ. ಆದರೆ 23 ಸಲದಲ್ಲಿ ಒಮ್ಮೆಯೂ ಬಿದ್ದಿಲ್ಲ.' ಇದರಲ್ಲಿ ಸಿಹಿ ಇಲ್ಲ, ನಾನು ಧೈರ್ಯವಂತ ಎಂಬ ಮಾತಿಲ್ಲ. ಅದಕ್ಕೇ ನಂಬಲು ಬಂತು. 90 ಇದ್ದದ್ದು 55ಕ್ಕೆ ಇಳಿಯಿತು.

ಸೊನ್ನೆಗೆ ಇಳಿಯಲಿಲ್ಲ. ಬರೆಯುವುದರಿಂದ ಇಷ್ಟೇ ಆಗುವುದು. ಇಲ್ಲಿಗೇ ನಿಲ್ಲಿಸಿ 'ಸಿಬಿಟಿ ನನಗೆ ಆಗಿಬರಲಿಲ್ಲ' ಎನ್ನುವವರನ್ನು ತುಂಬ ನೋಡಿದ್ದೇನೆ. ಉಳಿದ 55 ಕರಗುವುದು ಕಾಗದದ ಮೇಲಲ್ಲ.

ಮೈಗೆ ಪರೀಕ್ಷೆ: ಕುರ್ಚಿ, ಸ್ಟ್ರಾ, ಮೆಟ್ಟಿಲು

ನನಗೆ ಮರೆಯಲಾಗದ ದಿನ ಇದು. ಐದನೇ ವಾರ. ಥೆರಪಿಸ್ಟ್ ತಾವು ಕುಳಿತಿದ್ದ ತಿರುಗುವ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. 'ಒಂದು ನಿಮಿಷ ತಿರುಗಿಸ್ತೀನಿ. ಏನಾಗುತ್ತೆ ಅಂತ ಮೊದಲು ಬರೆಯಿರಿ.' ನಾನು ಬರೆದೆ: 'ಎದ್ದು ನಿಂತರೆ ಬೀಳ್ತೀನಿ, 80.' ತಿರುಗಿಸಿದರು. ಗೋಡೆ, ಕಿಟಕಿ, ಕ್ಯಾಲೆಂಡರ್, ಗೋಡೆ, ಕಿಟಕಿ. ನಿಲ್ಲಿಸಿ 'ಏಳಿ' ಎಂದರು. ಎದ್ದೆ. ನೆಲ ಓಲಾಡಿತು. ಮೇಜಿನ ಕಡೆ ಕೈ ಚಾಚಿದೆ. 'ಹಿಡೀಬೇಡಿ' ಎಂದರು. ಹಿಡಿಯದೆ ನಿಂತೆ. ಹತ್ತು ಎಣಿಸುವಷ್ಟರಲ್ಲಿ ಕ್ಯಾಲೆಂಡರ್ ತನ್ನ ಜಾಗಕ್ಕೆ ಬಂದು ನಿಂತಿತು. ನಾನೂ ನಿಂತೇ ಇದ್ದೆ. ನನಗೆ ಅಳು ಬಂತು.

ಮೈಯಲ್ಲಿ ಯಾವ ಸೂಚನೆ ನಿಮ್ಮನ್ನು ಹೆದರಿಸುತ್ತದೋ ಅದನ್ನೇ ಬೇಕೆಂದು ತಂದುಕೊಳ್ಳುವುದು ಈ ಹೆಜ್ಜೆ. ತಲೆ ಸುತ್ತಿಗೆ ಕುರ್ಚಿ. ಉಸಿರು ಕಟ್ಟುವ ಭಯಕ್ಕೆ ಮೂಗು ಹಿಡಿದು ಸಣ್ಣ ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಟ. ಎದೆ ಬಡಿತಕ್ಕೆ ಮೆಟ್ಟಿಲು ಓಡಿ ಹತ್ತುವುದು. ಬೆರಳು ಜುಮ್ಮೆನ್ನುವುದಕ್ಕೆ ಒಂದು ನಿಮಿಷ ಬಿರುಸಾಗಿ ಉಸಿರಾಡುವುದು. ಪ್ರತಿ ಸಲವೂ ಮೊದಲು ಏನಾಗುತ್ತದೆ ಎಂದು ಬರೆಯಬೇಕು, ಆಮೇಲೆ ಏನಾಯಿತು ಎಂದು ಬರೆಯಬೇಕು. ಬರೆಯದೆ ಮಾಡಿದರೆ ಸುಮ್ನೆ ಹಿಂಸೆ.

ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು. ಉಳಿದವರೂ ಮೊದಲ ಸಲ ಥೆರಪಿಸ್ಟ್ ಎದುರಿಗೇ ಮಾಡುವುದು ಒಳ್ಳೆಯದು.

ಏಣಿ ಕಟ್ಟಿ, ಒಂದೊಂದೇ ಮೆಟ್ಟಿಲು ಹತ್ತುವುದು

ಬಿಟ್ಟುಬಿಟ್ಟ ಜಾಗಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ ಹೆದರಿಕೆಯ ಅಂಕ ಕೊಡಿ. ನನ್ನ ಏಣಿಯ ತಳದಲ್ಲಿ 'ಬಸ್ ಸ್ಟಾಪಿನಲ್ಲಿ ಕಾಲು ಗಂಟೆ ಕೂರುವುದು, 25' ಇತ್ತು. ಆಮೇಲೆ ಖಾಲಿ ಬಸ್ಸಿನಲ್ಲಿ ಒಂದು ಸ್ಟಾಪು, ಹೆಂಡತಿಯ ಜೊತೆ, 40. ಅದೇ ಒಬ್ಬನೇ, 55. ಮಧ್ಯಾಹ್ನ ಮೆಜೆಸ್ಟಿಕ್‌ವರೆಗೆ, 70. ತುದಿಯಲ್ಲಿ 'ಬೆಳಗ್ಗೆ ಒಂಬತ್ತೂವರೆಯ ಬಸ್ಸು, ನಿಂತುಕೊಂಡು, ಒಬ್ಬನೇ, 95'.

ಒಂದು ಮೆಟ್ಟಿಲನ್ನು ಒಂದೇ ಸಲ ಮಾಡಿ ಮುಂದೆ ಹೋಗಬೇಡಿ. ವಾರದಲ್ಲಿ ನಾಲ್ಕೈದು ಸಲ ಮಾಡಿ. ನಡುವೆ ಗಾಬರಿ ಬಂದರೆ ಆದಷ್ಟೂ ಇಳಿಯದೆ ಇರಿ. ಇಳಿದರೆ ಮನಸ್ಸು 'ಇಳಿದದ್ದಕ್ಕೇ ಬದುಕಿದೆ' ಎಂದು ಕಲಿಯುತ್ತದೆ. ಗಾಬರಿ ಪೂರ್ತಿ ಇಳಿಯಲೇಬೇಕು ಎಂಬ ಹಟವೂ ಬೇಡ. ನೀವು ಹೆದರಿದ್ದದ್ದು ನಡೆಯಿತೋ ಇಲ್ಲವೋ ಎಂಬುದು ಗೊತ್ತಾಗುವಷ್ಟು ಹೊತ್ತು ಅಲ್ಲಿರಬೇಕು, ಅಷ್ಟೇ.

ಇಲ್ಲಿ ನಾನು ಎಡವಿದ್ದನ್ನು ಹೇಳಲೇಬೇಕು. ಮೂರು ವಾರ ಬಸ್ಸಿನಲ್ಲಿ ಓಡಾಡಿದೆ, ಅಂಕ ಇಳಿಯಲೇ ಇಲ್ಲ. ಥೆರಪಿಸ್ಟ್ 'ಬ್ಯಾಗಿನಲ್ಲಿ ಏನಿದೆ?' ಎಂದು ಕೇಳಿದರು. ತೆಗೆದು ಮೇಜಿನ ಮೇಲಿಟ್ಟೆ. ನೀರಿನ ಬಾಟಲಿ. ಗ್ಲೂಕೋಸ್ ಪೊಟ್ಟಣ. ವಿಕ್ಸ್. ಪ್ಲಾಸ್ಟಿಕ್ ಕವರು. ಯಾವತ್ತೋ ಬರೆದುಕೊಟ್ಟಿದ್ದ ಮಾತ್ರೆಯ ಅರ್ಧ ಪಟ್ಟಿ. ಜೊತೆಗೆ ನಾನು ಯಾವಾಗಲೂ ಬಾಗಿಲ ಪಕ್ಕದಲ್ಲೇ ನಿಲ್ಲುತ್ತಿದ್ದೆ, ಕಿವಿಗೆ ಫೋನು ಹಿಡಿದೇ ಇರುತ್ತಿದ್ದೆ. ಇವನ್ನು ಊರುಗೋಲು ಎಂದು ಕರೆದರು. ಊರುಗೋಲು ಹಿಡಿದು ನಡೆದರೆ ಕಾಲು ಗಟ್ಟಿಯಿದೆ ಎಂದು ಹೇಗೆ ಗೊತ್ತಾಗಬೇಕು? ಒಂದೊಂದಾಗಿ ಬಿಟ್ಟೆ. ಕೊನೆಗೆ ಬಿಟ್ಟದ್ದು ನೀರಿನ ಬಾಟಲಿ. ಬಾಟಲಿ ಇಲ್ಲದೆ ಟೋಲ್‌ಗೇಟ್ ದಾಟಿದ ದಿನದ ಪುಟದಲ್ಲಿ ಬರೀ ಒಂದು ಸಾಲಿದೆ: 'ದಾಟಿತು.'

ಡಾಕ್ಟರ್ ದಿನವೂ ತಗೊಳ್ಳಲು ಹೇಳಿದ ಮಾತ್ರೆಗೂ ಊರುಗೋಲಿಗೂ ಸಂಬಂಧ ಕಲ್ಪಿಸಬೇಡಿ. ಸಿಬಿಟಿ ಮತ್ತು ಮಾತ್ರೆ ಒಟ್ಟಿಗೆ ನಡೆಯಬಹುದು, ಎಷ್ಟೋ ಜನರಿಗೆ ಹಾಗೇ ನಡೆಯುತ್ತದೆ. ನಿಲ್ಲಿಸುವುದು, ಕಡಿಮೆ ಮಾಡುವುದು ಡಾಕ್ಟರ್ ಕೆಲಸ.

ಬೇರೆ ತೊಂದರೆಗಳಿಗೆ

ಖಿನ್ನತೆಯಲ್ಲಿ ಶುರು ಮಾಡುವ ಜಾಗ ಬೇರೆ. ಕಾಮಾಲೆ ಕಣ್ಣಿಗೆ ಎಲ್ಲ ಹಳದಿ ಎನ್ನುವ ಹಾಗೆ, ಆ ಹೊತ್ತಿನಲ್ಲಿ ಸಾಕ್ಷಿ ಹುಡುಕಲು ಹೋದರೂ ಕೆಟ್ಟದ್ದೇ ಸಿಗುತ್ತದೆ. ಅದಕ್ಕೆ ಹೆಚ್ಚಾಗಿ ಕೆಲಸದಿಂದ ಶುರು ಮಾಡುತ್ತಾರೆ. ಒಂದು ವಾರ ಗಂಟೆಗಂಟೆಗೆ ಏನು ಮಾಡಿದೆ, ಮನಸ್ಸು ಹತ್ತಕ್ಕೆ ಎಷ್ಟಿತ್ತು ಎಂದು ಬರೆಯುವುದು. ಆಮೇಲೆ ಮನಸ್ಸು ಬರಲಿ ಎಂದು ಕಾಯದೆ ಸಣ್ಣ ಕೆಲಸವನ್ನು ವೇಳಾಪಟ್ಟಿಗೆ ಹಾಕುವುದು: ಏಳು ಗಂಟೆಗೆ ಗಿಡಕ್ಕೆ ನೀರು, ಸಂಜೆ ಅಕ್ಕನಿಗೆ ಫೋನು. ಉತ್ಸಾಹ ಕೆಲಸದ ಹಿಂದೆ ಬರುತ್ತದೆ, ಮುಂದೆ ಅಲ್ಲ.

ಗೀಳಿನಲ್ಲಿ, ಅಂದರೆ ಮತ್ತೆ ಮತ್ತೆ ಕೈ ತೊಳೆಯುವುದು, ಬೀಗ ನೋಡುವುದು ಇದ್ದಾಗ, ಯೋಚನೆಯ ಜೊತೆ ವಾದಕ್ಕಿಳಿದರೆ ಅದೇ ಇನ್ನೊಂದು ಗೀಳಾಗುತ್ತದೆ. ಅಲ್ಲಿ ಬೇಕಾದ್ದು ಗಲೀಜು ಎನಿಸುವುದನ್ನು ಮುಟ್ಟಿ, ಕೈ ತೊಳೆಯದೆ ಇರುವ ಅಭ್ಯಾಸ. ಇದನ್ನು ಪುಸ್ತಕ ಓದಿ ಒಬ್ಬರೇ ಮಾಡುವುದು ಕಷ್ಟ. ತಿಳಿದವರ ಜೊತೆಯೇ ಮಾಡಿ. ನಿದ್ದೆ ಬಾರದವರಿಗೂ ಸಿಬಿಟಿಯ ಬೇರೊಂದು ರೂಪವಿದೆ, ಹಾಸಿಗೆಯಲ್ಲಿ ಎಚ್ಚರವಾಗಿ ಹೊರಳಾಡುವ ಹೊತ್ತನ್ನು ಕಡಿಮೆ ಮಾಡುತ್ತ ಹೋಗುವುದು ಅದರ ಮುಖ್ಯ ಭಾಗ.

ಒಂದು ಎಚ್ಚರಿಕೆ, ಮನಸಾರೆ ಹೇಳುತ್ತಿದ್ದೇನೆ. ಗಂಡ ಹೊಡೆಯುತ್ತಿರುವ ಹೆಂಗಸಿಗೆ, ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಿರುವ ರೈತನಿಗೆ 'ನಿಮ್ಮ ಯೋಚನೆ ತಪ್ಪು' ಎಂದು ಹೇಳುವುದು ಸಿಬಿಟಿ ಅಲ್ಲ, ಅನ್ಯಾಯ. ಅವರ ಹೆದರಿಕೆ ಸರಿಯಾಗಿಯೇ ಇದೆ. ಅಲ್ಲಿ ಬದಲಾಗಬೇಕಾದದ್ದು ಪರಿಸ್ಥಿತಿ. ಒಳ್ಳೆಯ ಥೆರಪಿಸ್ಟ್ ಈ ವ್ಯತ್ಯಾಸ ಮೊದಲು ನೋಡುತ್ತಾರೆ. ಹಾಗೆಯೇ ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆ ವಿಪರೀತ ಹುರುಪಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ನೋಟ್‌ಬುಕ್ ಪಕ್ಕಕ್ಕಿಟ್ಟು ಇವತ್ತೇ ಮನೋವೈದ್ಯರನ್ನು ನೋಡಿ.

ಯಾರ ಹತ್ತಿರ ಹೋಗುವುದು

ಟೆಲಿ ಮಾನಸ್ ಸಹಾಯವಾಣಿ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಎಲ್ಲಿಗೆ ಹೋಗಬೇಕು ಎಂದು ಗೊತ್ತಿಲ್ಲದಿದ್ದರೆ ಇಲ್ಲಿಂದಲೇ ಶುರು ಮಾಡಿ.

ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಅಷ್ಟು ದೂರ ಹೋಗಲಾಗದವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಇಡೀ ದೇಶಕ್ಕೆ ಮಾದರಿಯಾದ ಈ ಯೋಜನೆಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಮಾಡಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆಯೂ ವಿಚಾರಿಸಿ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಕೇಳಿಕೊಳ್ಳಿ.

ಖಾಸಗಿಯಾಗಿ ಹೋಗುವುದಾದರೆ 'ಕೌನ್ಸೆಲರ್' ಎಂಬ ಬೋರ್ಡು ನೋಡಿ ನುಗ್ಗಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಕೇಳಿ, ಅದರಲ್ಲಿ ಸಂಕೋಚ ಬೇಡ. ಮೊದಲ ದಿನವೇ ಇನ್ನೂ ಮೂರು ಕೇಳಿ: ನನ್ನ ತೊಂದರೆಗೆ ನೀವು ಏನೇನು ಮಾಡಿಸುತ್ತೀರಿ? ಸುಮಾರು ಎಷ್ಟು ವಾರ? ಮನೆಯಲ್ಲಿ ಮಾಡಲು ಅಭ್ಯಾಸ, ಅಂದರೆ ಹೋಂವರ್ಕ್, ಕೊಡುತ್ತೀರಾ? ಸಿಬಿಟಿ ಮಾಡುವವರು ಹೋಂವರ್ಕ್ ಕೊಡದೆ ಇರುವುದಿಲ್ಲ. ವಾರದ 168 ಗಂಟೆಯಲ್ಲಿ ಒಂದು ಗಂಟೆ ಅವರ ಎದುರು ಕುಳಿತು ಏನೂ ಬದಲಾಗುವುದಿಲ್ಲ.

ನಾನು ಮೊದಲು ಹೋದ ಒಂದು ಕಡೆ ಆರು ವಾರ ಬರೀ ಬಾಲ್ಯದ ಕಥೆ ಕೇಳಿದರು, 'ಧ್ಯಾನ ಮಾಡಿ' ಎಂದರು. ಕೆಟ್ಟವರಲ್ಲ. ಆದರೆ ಬಸ್ಸಿನ ವಿಷಯವನ್ನು ಒಮ್ಮೆಯೂ ಕೇಳಲಿಲ್ಲ. ಅಲ್ಲಿಂದ ಎದ್ದು ಬರಲು ನನಗೆ ನಾಚಿಕೆಯಾಗಿತ್ತು. ನಿಮಗಾಗುವುದು ಬೇಡ.

ಸಾಧ್ಯವಾದರೆ ಕನ್ನಡದಲ್ಲಿ ಮಾತಾಡುವವರನ್ನೇ ಹುಡುಕಿ. ಹೊರದೇಶದಲ್ಲಿ ಇರುವವರೂ ಆನ್‌ಲೈನ್‌ನಲ್ಲಿ ಹುಡುಕಬಹುದು. ಗಾಬರಿಯಲ್ಲಿ ತಲೆಯೊಳಗೆ ಓಡುವ ಮಾತು ಇಂಗ್ಲಿಷಿನಲ್ಲಿ ಓಡುವುದಿಲ್ಲ. ನನಗೆ ಕೊಟ್ಟ ಮೊದಲ ಹಾಳೆ ಇಂಗ್ಲಿಷಿನದು. ಅದರಲ್ಲಿ ಬರೆದದ್ದೆಲ್ಲ ಬೇರೆ ಯಾರದೋ ಕಥೆಯ ಹಾಗಿತ್ತು. 'ಹೋಯ್ತು' ಎಂದು ಕನ್ನಡದಲ್ಲಿ ಬರೆದ ದಿನ ಎದೆ ಹೊಡೆದುಕೊಂಡಿತು. ಆವತ್ತು ಸರಿಯಾದ ಯೋಚನೆ ಸಿಕ್ಕಿತ್ತು.

ಮತ್ತೆ ಬಂದರೆ

ಬರುತ್ತದೆ. ಜ್ವರ ಬಂದು ಮೈ ಸೋತಾಗ, ನಿದ್ದೆಗೆಟ್ಟಾಗ, ಮನೆಯಲ್ಲಿ ಸಾವಾದಾಗ. ನನಗೆ ಚಿಕಿತ್ಸೆ ಮುಗಿದು ಒಂದು ವರ್ಷದ ಮೇಲೆ ಹಾಸನದ ರೈಲಿನಲ್ಲಿ ಬಂತು. ಅದಕ್ಕೆಂದೇ ಕೊನೆಯ ವಾರ ನೋಟ್‌ಬುಕ್ಕಿನ ಕೊನೆಯ ಪುಟ ಬರೆಸಿರುತ್ತಾರೆ. ನೀವೂ ಚೆನ್ನಾಗಿರುವ ದಿನವೇ ಅದನ್ನು ಬರೆದಿಟ್ಟುಕೊಳ್ಳಿ, ಗಾಬರಿಯಾದಾಗ ನೆನಪಾಗುವುದಿಲ್ಲ. ನನ್ನ ಪುಟದ ಫೋಟೋ ಫೋನಿನಲ್ಲಿತ್ತು. ಅದರಲ್ಲಿ ಇರುವುದು ಇಷ್ಟು:

ಇದು ಯಾವುದು ಅಂತ ನಿನಗೆ ಗೊತ್ತು.
ಹತ್ತು ನಿಮಿಷ.
ಕಂಬಿ ಬಿಡು, ಬಾಗಿಲಿಂದ ಒಳಗೆ ಬಾ.
ಏನಾಗುತ್ತೆ ಅಂದುಕೊಂಡೆ, ಏನಾಯ್ತು, ಬರೆ.
ನಾಳೆ ಅದನ್ನೇ ಮತ್ತೆ ಹತ್ತು.

ಮಾರನೇ ದಿನ ಅದೇ ರೈಲು ಹತ್ತಿದೆ. ನಿಂತುಕೊಂಡೇ ಹೋದೆ.